ಬಂಕಲ್ಲೇ ಹಾಕ್ಸಿದ್ದು

ಗ್ಯಾರೇಜುಗಳಲ್ಲಿ ಅವಳಿಗೆ ‘ಮೂಸೋ ಮೇಡಂ’ ಎಂದು ಹೆಸರು ಬಿದ್ದಿತ್ತು. ಆ ಹೆಸರು ಅವಳ ಕಿವಿಗೆ ಬಿದ್ದಿಲ್ಲವೆಂದು ಮೆಕ್ಯಾನಿಕ್ಕುಗಳು ತಿಳಿದಿದ್ದರು. ಬಿದ್ದು ಎಷ್ಟೋ ಕಾಲವಾಗಿತ್ತು, ಅವಳು ತೋರಗೊಟ್ಟಿರಲಿಲ್ಲ ಅಷ್ಟೆ. ಕೆಟ್ಟು ನಿಂತ ಗಾಡಿಯ ಹತ್ತಿರ ಹೋದವಳೇ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೊದಲು ಮೂಗು ಒಡ್ಡುವುದು ಅವಳ ರೂಢಿ. ಸೀಮೆಎಣ್ಣೆ ಬೆರೆತಿದ್ದರೆ ಮೂಗಿಗೇ ಗೊತ್ತಾಗುತ್ತಿತ್ತು. ನೀರು ಬೆರೆತಿದ್ದರೆ ಮೂಗು ಸೋಲುತ್ತದೆ. ಅದಕ್ಕೆ ಗಾಜಿನ ಬಾಟಲಿಗೆ ಒಂದಿಷ್ಟು ಇಳಿಸಿಕೊಂಡು, ಅಲುಗಾಡಿಸದೆ ಇಟ್ಟು, ಆಮೇಲೆ ಬೆಳಕಿಗೆ ಹಿಡಿಯಬೇಕು. ನೀರು ತಳ ಸೇರಿ, ನಡುವೆ ಗೆರೆ ಎಳೆದ ಹಾಗೆ ಡೀಸೆಲ್ಲಿನಿಂದ ಬೇರೆಯಾಗಿ ನಿಲ್ಲುತ್ತದೆ.

ಇಂಜಿನ್ ತಯಾರಿಸುವ ಕಂಪನಿಯೊಂದರಲ್ಲಿ ಅವಳು ವಾರಂಟಿ ಪರೀಕ್ಷಕಿ. ಹೊಸ ಇಂಜಿನ್ನು ವಾರಂಟಿಯ ಅವಧಿಯೊಳಗೆ ಕೆಟ್ಟರೆ ಕಂಪನಿ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡುತ್ತದೆ. ಆದರೆ ಹಾಕಿದ ಡೀಸೆಲ್ ಕಂಪನಿ ಹೇಳಿದ ದರ್ಜೆಯದೇ ಆಗಿರಬೇಕು, ಶುದ್ಧವಾಗಿರಬೇಕು. ಕೆಟ್ಟ ಡೀಸೆಲ್ಲಿನಿಂದ ಕೆಟ್ಟ ಇಂಜಿನ್ನಿಗೆ ಕಂಪನಿ ಹೊಣೆಯಲ್ಲ. ಕೆಟ್ಟದ್ದು ಯಾವುದರಿಂದ ಎಂದು ನೋಡಿ ಹೇಳುವುದು ಅವಳ ಕೆಲಸ. ಇಂಜೆಕ್ಟರಿನ ತುದಿಯಲ್ಲಿ ಕೂದಲೂ ತೂರದಷ್ಟು ಸಣ್ಣ ತೂತುಗಳಿರುತ್ತವೆ. ಚೂರು ತುಕ್ಕು, ಚೂರು ನೀರು ಹೋದರೂ ಅವು ತಿಂದುಹೋಗುತ್ತವೆ. ಹಾಗೆ ತಿಂದುಹೋದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ತಲೆ ಎತ್ತಿ, ಮಾಲೀಕನ ಮುಖ ನೋಡಿ ‘ಆಗಲ್ಲ’ ಎನ್ನಬೇಕು. ವರ್ಷಗಟ್ಟಲೆ ಅವಳು ಹೇಳಿದ್ದರಲ್ಲಿ ಹೆಚ್ಚಿನದು ಈ ಒಂದೇ ಮಾತು.

ಇಂಥವಳನ್ನು ಯಾರು ತಾನೇ ನಗುನಗುತ್ತಾ ಬರಮಾಡಿಕೊಳ್ಳುತ್ತಾರೆ? ಅವಳು ಗೇಟಿನೊಳಗೆ ಕಾಲಿಟ್ಟರೆ ಗ್ಯಾರೇಜಿನ ಹರಟೆ ಗಪ್ಪನೆ ನಿಲ್ಲುತ್ತಿತ್ತು. ರೇಡಿಯೊದ ದನಿ ತಗ್ಗುತ್ತಿತ್ತು. ಟೀ ತಟ್ಟೆ ಎಲ್ಲರ ಮುಂದೆ ಹಾದು ಅವಳನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅದಕ್ಕೆ ಅವರನ್ನು ದೂರುವ ಹಾಗಿರಲಿಲ್ಲ. ಗಾಡಿಯವರ ಕೈಯಿಂದ ಒಂದು ಲೋಟ ಟೀ ಕೂಡ ಮುಟ್ಟಬಾರದೆಂದು ಕಂಪನಿಯ ಕಟ್ಟಪ್ಪಣೆ. ಸೇರಿದ ಹೊಸದರಲ್ಲಿ ಕೈಮುಗಿದು ಬೇಡವೆನ್ನುತ್ತಿದ್ದಳು. ಬರಬರುತ್ತಾ ಯಾರೂ ಕೇಳುವುದನ್ನೇ ಬಿಟ್ಟರು. ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಗೋಡೆಯ ಕಡೆ ತಿರುಗಿ ಕುಡಿಯುವುದು ಅವಳಿಗೆ ಅಭ್ಯಾಸವಾಗಿಹೋಯಿತು.

ಆ ಗೋಡೆಗಳ ಮುಂದೆ ನಿಂತು ಅವಳು ಕೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಒಬ್ಬ ಕಬ್ಬಿಣದ ವ್ಯಾಪಾರಿ, ಪಕ್ಕದಲ್ಲೇ ಕೂತಿದ್ದ ತಾಯಿಯ ತಲೆಯ ಮೇಲೆ ಕೈಯಿಟ್ಟು, ಕಳ್ಳ ಡೀಸೆಲ್ ಮುಟ್ಟಿಲ್ಲವೆಂದು ಆಣೆ ಮಾಡಿದ್ದ. ಆ ತಾಯಿ ಮೆಲ್ಲಗೆ ಮಗನ ಕೈ ಸರಿಸಿ ಎದ್ದು ಒಳಗೆ ಹೋಗಿದ್ದಳು. ಇನ್ನೊಬ್ಬ ತಾನು ಸದಾ ಹಾಕಿಸುವುದು ಇಂಥದೇ ಬಂಕಿನಲ್ಲಿ ಎಂದು ಕರೆದೊಯ್ದು ತೋರಿಸಿದ. ಅದು ಮುಚ್ಚಿಹೋಗಿ ಎಷ್ಟೋ ಕಾಲವಾಗಿ, ಮೀಟರುಗಳ ಮೇಲೆ ಬಳ್ಳಿ ಹಬ್ಬಿತ್ತು. ಯಾರನ್ನೇ ಕೇಳಿ, ಮೊದಲ ಮಾತು ಒಂದೇ: “ಬಂಕಲ್ಲೇ ಹಾಕ್ಸಿದ್ದು ಮೇಡಂ.” ಎರಡನೆಯ ಮಾತೂ ಒಂದೇ: “ವಾರ್ನಿಂಗ್ ಲೈಟ್ ಬರಲೇ ಇಲ್ಲ ಮೇಡಂ.” ಡೀಸೆಲ್ಲಿನಲ್ಲಿ ನೀರು ಕಂಡರೆ ಸ್ಟೇರಿಂಗ್ ಮುಂದೆ ಹೊತ್ತುವ ಆ ದೀಪ ಬಂದ ಮೇಲೂ ಓಡಿಸಿದರೆ ವಾರಂಟಿ ಸಿಗುವುದಿಲ್ಲ. ಅವಳು ಹೂಂಗುಟ್ಟುತ್ತಾ ಬಾಟಲಿ ಬೆಳಕಿಗೆ ಹಿಡಿಯುತ್ತಿದ್ದಳು. ಮನುಷ್ಯರ ಮಾತಿಗಿಂತ ಬಾಟಲಿಯ ಗೆರೆ ಮೇಲು ಎಂಬುದು ಅವಳ ಮನಸ್ಸಿನಲ್ಲಿ ಯಾವಾಗ ಬೇರೂರಿತೋ ಅವಳಿಗೂ ಗೊತ್ತಿಲ್ಲ.

ಟೈರ್ ಅಂಗಡಿಯೊಂದರ ಮಾಳಿಗೆಯ ಮೇಲೆ ಬಾಡಿಗೆಯ ಒಂದು ಕೋಣೆ ಅವಳ ಮನೆ. ಅರ್ಧ ತಿಂಗಳು ಅಲ್ಲಿ, ಉಳಿದರ್ಧ ಊರೂರಿನ ಲಾಡ್ಜುಗಳಲ್ಲಿ. ಮದುವೆಯ ಮಾತು ಒಂದು ಕಾಲದಲ್ಲಿ ಬಂದು ಹೋಗಿತ್ತು. ನೋಡಲು ಬಂದವನೊಬ್ಬ ಎಲ್ಲ ಮಾತಾಡಿ ಮುಗಿಸಿ, ಹೊರಡುವಾಗ, “ಕೈಯಲ್ಲಿ ಈ ಡೀಸೆಲ್ ವಾಸನೆ ಎಷ್ಟು ಹೊತ್ತಿಗೆ ಹೋಗುತ್ತೆ?” ಎಂದು ಕೇಳಿದ್ದ. “ಭಾನುವಾರ ಸಂಜೆ ಹೊತ್ತಿಗೆ ಸ್ವಲ್ಪ ಕಮ್ಮಿ ಆಗುತ್ತೆ, ಸೋಮವಾರ ಮತ್ತೆ ಬರುತ್ತೆ” ಎಂದು ಅವಳು ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಅವನು ಮತ್ತೆ ಬರಲಿಲ್ಲ. ಆ ಕಥೆಯನ್ನು ಅವಳ ಅಣ್ಣ ಹೇಳಿ ಹೇಳಿ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದ.

ಅವಳಿಗೆ ಅಂತ ಇದ್ದವನು ಆ ಅಣ್ಣನೊಬ್ಬನೇ. ಅಪ್ಪ ಅಕಾಲದಲ್ಲಿ ತೀರಿಕೊಂಡಾಗ ಓದು ಬಿಟ್ಟು ಬಸ್ಸಿನ ಕ್ಲೀನರ್ ಆಗಿ ಸೇರಿದವನು ಅವನು, ಆಮೇಲೆ ಡ್ರೈವರ್. ತಂಗಿಯನ್ನು ‘ಗುಬ್ಬಿ’ ಎಂದು ಕರೆಯುತ್ತಿದ್ದ. ಸಂಜೆ ಬಸ್ಸು ತೊಳೆಯುವಾಗ ಪಕ್ಕದಲ್ಲಿ ನಿಲ್ಲಿಸಿಕೊಂಡು, “ಕೇಳು, ಗುಬ್ಬಿ, ಎಲ್ಲಿ ತಪ್ಪುತ್ತಿದೆ ಹೇಳು” ಎಂದು ಇಂಜಿನ್ನಿನ ಸದ್ದು ಕೇಳಿಸುತ್ತಿದ್ದ. ಅವಳು ಸರಿಯಾಗಿ ಹೇಳಿದರೆ ಸ್ಟೇರಿಂಗ್ ಹಿಡಿಯಲು ಬಿಡುತ್ತಿದ್ದ. ಅವಳನ್ನು ಆಟೊಮೊಬೈಲ್ ಡಿಪ್ಲೊಮಾಕ್ಕೆ ಸೇರಿಸಿದವನೂ ಅವನೇ. ಅತ್ತಿಗೆ ಬಂದ ಮೇಲೂ ಆ ಮನೆಯಲ್ಲಿ ಅವಳ ಮಂಚ, ಅವಳ ತಟ್ಟೆ ಇದ್ದಲ್ಲೇ ಇದ್ದವು. ಕೆಲಸದ ಊರು ದೂರವಾದ ಮೇಲೆ ಭಾನುವಾರ ಬೆಳಗ್ಗೆ ಅಣ್ಣನ ಫೋನು ತಪ್ಪುತ್ತಿರಲಿಲ್ಲ. ಅವನು ಮಾತಾಡುವುದು ಬರೀ ಗಾಡಿಯ ವಿಷಯ. ಅತ್ತಿಗೆ ಹಿಂದಿನಿಂದ, “ಊಟ ಮಾಡಿದಳಾ ಕೇಳಿ ಮೊದಲು” ಎಂದು ಕೂಗುತ್ತಿದ್ದರು.

ಬಹಳ ವರ್ಷ ಬೇರೆಯವರ ಬಸ್ಸು ಓಡಿಸಿದವನು, ಆಮೇಲೆ ಒಂದು ಹಳೆಯ ಗಾಡಿ ಕೊಂಡವನು, ಕೊನೆಗೊಮ್ಮೆ ಹೊಸ ಮಿನಿಬಸ್ಸು ಕೊಂಡ. ಬಟ್ಟೆ ಕಾರ್ಖಾನೆಯ ಹೆಂಗಸರನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆತರುವ ಕೆಲಸ ಸಿಕ್ಕಿತ್ತು. “ಯಾವ ಇಂಜಿನ್ ತಗೊಳ್ಳಲಿ?” ಎಂದು ಕೇಳಿದಾಗ ಅವಳು ತನ್ನ ಕಂಪನಿಯದೇ ಹೇಳಿದಳು. “ಆದರೆ ಅಣ್ಣ, ಇದು ಹಳೇ ಗಾಡಿ ಹಾಗಲ್ಲ. ಏನು ಹಾಕಿದ್ರೂ ಓಡುತ್ತೆ ಅಂದ್ಕೋಬೇಡ. ಒಳ್ಳೇ ಡೀಸೆಲ್ಲೇ ಬೇಕು.” “ಆಯ್ತಮ್ಮಾ, ನನಗಿಂತ ಒಳ್ಳೇ ಊಟ ಹಾಕ್ತೀನಿ ಅದಕ್ಕೆ, ಸಾಕಾ?” ಎಂದು ಅವನು ನಕ್ಕಿದ್ದ.

ಆ ಬಸ್ಸು ಕೊಂಡು ವರ್ಷ ತುಂಬುವ ಮೊದಲೇ, ಜೋರು ಮಳೆಯ ದಿನಗಳು ಆಗಷ್ಟೇ ಕಳೆದಿದ್ದವು, ಅತ್ತಿಗೆಯ ಫೋನು ಬಂತು. ಬಸ್ಸು ನಡುದಾರಿಯಲ್ಲಿ ನಿಂತಿದೆ, ಎಳೆಸಿಕೊಂಡು ಮನೆಗೆ ತಂದಿದ್ದಾರೆ, ನಿಮ್ಮಣ್ಣ ಬೆಳಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ ಎಂದರು.

ಅವಳು ರಜೆ ಹಾಕಿ ಹೋದಳು. ಬಸ್ಸು ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಂತಿತ್ತು. ಅಣ್ಣ ಅದರ ಮೆಟ್ಟಿಲ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

“ಏನಾಯ್ತು ಹೇಳು.”

“ಓಡ್ತಾ ಇದ್ದ ಹಾಗೇ ಎಳೆಯೋದು ಕಮ್ಮಿ ಆಯ್ತು. ಲೈಟ್ ಬಂತು. ಬಂದ ತಕ್ಷಣ ಪಕ್ಕಕ್ಕೆ ಹಾಕ್ಬಿಟ್ಟೆ. ಹೆಂಗಸರನ್ನೆಲ್ಲ ಇಳಿಸಿದೆ. ಒಂದು ಗಜವೂ ಮುಂದೆ ಓಡಿಸಲಿಲ್ಲ.”

ಅವಳು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದಳು. ಬಾಟಲಿಗೆ ಇಳಿಸಿ ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಳು. ಇಬ್ಬರೂ ಅದನ್ನು ನೋಡುತ್ತಾ ನಿಂತರು. ತಳದಲ್ಲಿ ನೀರು ಇಳಿದು ಗೆರೆ ಮೂಡಿತು. ನೀರಿನಲ್ಲಿ ಕಂದು ಬಣ್ಣದ ಪುಡಿ.

“ಡೀಸೆಲ್ ಎಲ್ಲಿ ಹಾಕಿಸ್ತಿದ್ದೆ?”

“ಬಂಕಲ್ಲೇ. ಆ ಮೇಲ್ಸೇತುವೆ ಕೆಳಗಿದೆಯಲ್ಲ, ಅಲ್ಲೇ ಹಾಕ್ಸಿದ್ದು. ನೀನು ಹೇಳಿದ ಮೇಲೆ ಬೇರೆ ಕಡೆ ತಲೆ ಹಾಕಿಲ್ಲ.”

“ಬಿಲ್ಲು ಇದೆಯಾ?”

“ಬಿಲ್ಲು ಯಾರು ಇಟ್ಕೋತಾರೆ, ಗುಬ್ಬಿ? ತಗೊಂಡ ತಕ್ಷಣ ಬಿಸಾಕೋದೇ.”

ಅಷ್ಟು ಹೊತ್ತಿಗೆ ಅವಳ ಕಣ್ಣು ಮನೆಯ ಹಿಂದಕ್ಕೆ ಹೋಗಿತ್ತು. ಬಟ್ಟೆ ಒಗೆಯುವ ಕಲ್ಲಿನಾಚೆ, ತಗಡು ಮುಚ್ಚಿದ ಒಂದು ಡ್ರಮ್ಮು. ಹೋಗಿ ತಗಡು ಸರಿಸಿ ಬಗ್ಗಿದಳು. ಡೀಸೆಲ್.

“ಇದೇನು?”

“ಅದಾ? ಹಳೇ ಗಾಡಿ ಮಾರೋವಾಗ ಇಳಿಸಿಟ್ಟಿದ್ದು. ಬೋಲ್ಟು ಗೀಲ್ಟು ತೊಳೆಯೋಕೆ ಇರಲಿ ಅಂತ ಇಟ್ಕೊಂಡಿದೀನಿ.”

ಅವಳಿಗೆ ಎಷ್ಟು ಹಿತ್ತಿಲುಗಳು, ಕಳ್ಳ ಡೀಸೆಲ್ಲಿನ ಎಷ್ಟು ಡ್ರಮ್ಮುಗಳು ನೆನಪಾದವೋ. ಪ್ರತಿಯೊಂದು ಡ್ರಮ್ಮಿಗೂ ಒಂದೊಂದು ಕಥೆ. ಬೋಲ್ಟು ತೊಳೆಯುವ ಕಥೆಯಂತೂ ಎಷ್ಟು ಸಲ ಕೇಳಿದ್ದಳೋ. ಬಾಯಿಂದ ಮಾತು ಹೊರಟಿತು.

“ಎಲ್ಲರೂ ಹೀಗೇ ಹೇಳ್ತಾರೆ, ಅಣ್ಣ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. “ಎಲ್ಲರೂ ಅಂದ್ರೆ?”

ಅವಳು ಕೈ ಒರೆಸಿಕೊಂಡಳು. ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದುಕೊಂಡು ತಾನೇ ತಿರುಗಿಸಿ ಬಿಗಿ ಮಾಡಿದ. ಅತ್ತಿಗೆ ಟೀ ತಂದರು. ಕುಡಿದರು. ಊಟಕ್ಕೆ ಕೂತಾಗ ಅಣ್ಣ ಇಷ್ಟೇ ಹೇಳಿದ: “ನೀನು ನನ್ನ ಪರ ಒಂದು ಮಾತೂ ಆಡಬೇಡ. ಆಫೀಸಲ್ಲಿ ನಿನಗೆ ಕೆಟ್ಟ ಹೆಸರು ಬರೋದು ಬೇಡ. ಬಂದವರು ಏನಿದೆಯೋ ಅದನ್ನ ನೋಡಲಿ.”

ಆಫೀಸಿಗೆ ಹೋದವಳು, ಇದು ನನ್ನ ಅಣ್ಣನ ಗಾಡಿ, ನಾನು ನೋಡುವ ಹಾಗಿಲ್ಲ ಎಂದು ಬರೆದುಕೊಟ್ಟಳು. ಮೇಲಿನವರು ಅವಳ ಜೊತೆಯ ಪರೀಕ್ಷಕನನ್ನು ಕಳಿಸಲು ಒಪ್ಪಿದರು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಆಳು. ಎಲ್ಲರೂ ಅವನನ್ನು ಲಂಬು ಎಂದೇ ಕರೆಯುತ್ತಿದ್ದರು. ಒಳ್ಳೆಯವನು, ಯಾರ ಗೊಡವೆಗೂ ಹೋಗದವನು. ಹೊರಡುವ ಮೊದಲು ಅವಳ ಮೇಜಿನ ಹತ್ತಿರ ಬಂದು, “ಮೇಡಂ, ನೀವು ಹೋಗಿ ನೋಡಿದ್ದೀರಂತಲ್ಲ. ನಾನು ಗಮನಿಸಬೇಕಾದ್ದು ಏನಾದ್ರೂ ಇದೆಯಾ?” ಎಂದು ಕೇಳಿದ.

ಇಲ್ಲ ಎಂದುಬಿಡಬಹುದಿತ್ತು. ನನ್ನನ್ನು ಕೇಳಬೇಡಿ ಎಂದರೂ ನಡೆಯುತ್ತಿತ್ತು. ಬೇರೆ ಯಾರದೋ ಗಾಡಿಯಾಗಿದ್ದರೆ ಹೇಳುತ್ತಿರಲಿಲ್ಲವೇ, ಅಣ್ಣನದೆಂದು ಬಾಯಿಗೆ ಬೀಗ ಹಾಕಿಕೊಂಡರೆ ಹೇಗೆ ಎಂದು ಅವಳಿಗೆ ಅನ್ನಿಸಿತು. “ಹಿತ್ತಿಲಲ್ಲಿ ಒಂದು ಡ್ರಮ್ಮಿದೆ, ನೋಡಿ” ಎಂದಳು. ಹೇಳಿದ ಮೇಲೆ ನ್ಯಾಯವಾಗಿ ನಡೆದುಕೊಂಡ ಸಮಾಧಾನವೂ ಆಯಿತು. ಆ ಸಮಾಧಾನ ಮರುದಿನದವರೆಗೂ ಇತ್ತು.

ಮರುದಿನ ಅತ್ತಿಗೆ ಫೋನು ಮಾಡಿದರು. ಅವರ ದನಿ ತಗ್ಗಿತ್ತು.

“ಆ ಉದ್ದದ ಮನುಷ್ಯ ಬಂದಿದ್ರು. ಬಸ್ಸಿನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಹಿತ್ತಿಲಿಗೆ ಹೋದ್ರು. ತಗಡು ಸರಿಸಿದ್ರು. ಅಲ್ಲಿ ಡ್ರಮ್ಮಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?”

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

“ನಿಮ್ಮಣ್ಣ ಏನೂ ಕೇಳಲಿಲ್ಲಮ್ಮ. ಬಸ್ಸಿನ ಪಕ್ಕ ನಿಂತು ನೋಡ್ತಾ ಇದ್ರು ಅಷ್ಟೆ. ಕೇಳ್ತಿರೋದು ನಾನು.”

“ಅತ್ತಿಗೆ, ಅದು ನನ್ನ ಕೆಲಸ” ಎಂದಳು. ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು.

ಲಂಬು ಬರೆದ ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಟ್ಯಾಂಕಿನಲ್ಲಿ ನೀರು, ತುಕ್ಕು, ಇಂಜೆಕ್ಟರುಗಳು ತಿಂದುಹೋಗಿವೆ, ಮನೆಯ ಹಿಂದೆ ತಗಡು ಮುಚ್ಚಿದ ಡ್ರಮ್ಮಿನಲ್ಲಿ ಡೀಸೆಲ್ ಸಂಗ್ರಹ, ಬಂಕಿನ ಬಿಲ್ಲು ಇಲ್ಲ. ವಾರಂಟಿ ಅನ್ವಯಿಸುವುದಿಲ್ಲ. ಕಾರ್ಖಾನೆಯವರು ಬೇರೆ ಗಾಡಿ ಗೊತ್ತು ಮಾಡಿಕೊಂಡರು. ಅಣ್ಣ ಬಸ್ಸಿಗೆ ಟಾರ್ಪಾಲು ಹೊದಿಸಿ, ಯಾರದೋ ಲಾರಿಗೆ ಡ್ರೈವರಾಗಿ ಹೋದ. ಇದೆಲ್ಲ ಅವಳಿಗೆ ತಿಳಿದದ್ದು ಮೂರನೆಯವರಿಂದ. ಭಾನುವಾರದ ಫೋನು ನಿಂತಿತು.

ಮೊದಲ ಭಾನುವಾರ ಅವಳು ಕಾದಳು. ಎರಡನೆಯ ವಾರ ತಾನೇ ಮಾಡಿದಳು; ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆ ಭಾನುವಾರಗಳಲ್ಲೂ ಕೆಲಸ ಹಚ್ಚಿಕೊಂಡಳು. ಕೋಣೆಯಲ್ಲಿದ್ದರೆ ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಢಗಢಗ ಎನ್ನುತ್ತಿತ್ತು. ಅದು ನಿಂತಾಗ ಇನ್ನೂ ಕಷ್ಟವಾಗುತ್ತಿತ್ತು. ಅಡುಗೆ ಮಾಡಿದರೆ ಒಬ್ಬಳಿಗೆ ಅಳತೆ ಸಿಗುತ್ತಿರಲಿಲ್ಲ, ಉಳಿದದ್ದನ್ನೇ ಮತ್ತೆ ಮತ್ತೆ ಬಿಸಿ ಮಾಡಿ ತಿನ್ನುತ್ತಿದ್ದಳು. ಒಮ್ಮೆ ಯಾವುದೋ ಊರಿನ ಲಾಡ್ಜಿನಲ್ಲಿ, ಬೀಗದ ಕೈ ಕೊಟ್ಟವನು “ಮೇಡಂ, ಎಷ್ಟು ಜನ?” ಎಂದು ಕೇಳಿದಾಗ ಅವಳಿಗೆ ಉತ್ತರ ಕೊಡಲು ತಡವಾಯಿತು. ಅಣ್ಣ ಸುಳ್ಳು ಹೇಳಿದನಲ್ಲ ಎಂಬ ಸಿಟ್ಟು ಅವಳನ್ನು ಹೇಗೋ ನಿಲ್ಲಿಸಿ ಹಿಡಿದಿತ್ತು. ತಪ್ಪು ಅವನದು, ಮುನಿಸೂ ಅವನದೇ, ಇದೆಂಥ ನ್ಯಾಯ ಎಂದು ಒಬ್ಬಳೇ ಗೊಣಗಿಕೊಳ್ಳುತ್ತಿದ್ದಳು.

ಹಾಗಿರುವಾಗ ಅಣ್ಣನ ಊರಿನ ಗ್ಯಾರೇಜೊಂದಕ್ಕೆ ಹಾಲಿನ ವ್ಯಾನೊಂದು ಕೆಟ್ಟು ಬಂತು. ಓಡಿಸುವವನು ಬೋಳುತಲೆಯ, ಸಣ್ಣ ಆಳು. ಹಾಲು ಕೆಟ್ಟುಹೋದ ದುಃಖ ಅವನಿಗೆ ಇಂಜಿನ್ನು ಕೆಟ್ಟದ್ದಕ್ಕಿಂತ ಹೆಚ್ಚು. ಅವಳು ಬಾಟಲಿ ಬೆಳಕಿಗೆ ಹಿಡಿದಳು. ಗೆರೆ. ತಳದಲ್ಲಿ ಕಂದು ಪುಡಿ.

“ಬಂಕಲ್ಲೇ ಹಾಕ್ಸಿದ್ದು ಮೇಡಂ” ಎಂದ ಅವನು. “ಮೇಲ್ಸೇತುವೆ ಕೆಳಗಿನ ಬಂಕು. ನನಗೆ ಡ್ರಮ್ಮು ಗಿಮ್ಮು ಇಡೋಕೆ ಜಾಗ ಎಲ್ಲಿದೆ? ನಾನಿರೋದೇ ಒಂದು ಕೋಣೆ.”

ಎಲ್ಲರೂ ಹೀಗೇ ಹೇಳ್ತಾರೆ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಹೊರಡಲಿಲ್ಲ.

“ಯಾವ ಬಂಕು ಅಂದ್ರಿ?”

ಅವನು ಮತ್ತೆ ಹೇಳಿದ. ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಅಣ್ಣನ ಬಾಟಲಿಯ ತಳದಲ್ಲಿದ್ದದ್ದೂ ಇದೇ ಪುಡಿ, ಇದೇ ಬಣ್ಣ. ಇನ್ನೊಂದು ಮಾತೂ ಆಗಲೇ ನೆನಪಾಯಿತು. ಲೈಟ್ ಬಂತು, ನಿಲ್ಲಿಸಿದೆ ಎಂದಿದ್ದ ಅಣ್ಣ. ಇಷ್ಟು ವರ್ಷಗಳಲ್ಲಿ, ಲೈಟ್ ಬಂತು ಎಂದು ತಾನಾಗಿ ಒಪ್ಪಿಕೊಂಡವನು ಅವನೊಬ್ಬನೇ. ಅದನ್ನು ಕೇಳಿಯೂ ಅವಳ ಕಿವಿ ಕೇಳಿರಲಿಲ್ಲ.

ಅವಳು ಅಲ್ಲಿಂದಲೇ ಆಫೀಸಿಗೆ ಫೋನು ಮಾಡಿ ವಿಚಾರಿಸಿದಳು. ಕೋಲ್ಡ್ ಸ್ಟೋರೇಜಿನ ಜನರೇಟರೊಂದು ಅದೇ ಮಳೆಗಾಲದಲ್ಲಿ ಹೀಗೇ ಕೆಟ್ಟಿತ್ತು. ಅದಕ್ಕೆ ಡೀಸೆಲ್ ತರುತ್ತಿದ್ದುದೂ ಮೇಲ್ಸೇತುವೆ ಕೆಳಗಿನಿಂದಲೇ. ಲಂಬು ಅದನ್ನು ನೋಡಿ ಬಂದಿದ್ದ, ಬಂಕಿನ ಮೇಲೆ ಅವನಿಗೂ ಅನುಮಾನ ಬಂದಿರಲಿಲ್ಲ. ಯಾರಿಗೂ ಬರುತ್ತಿರಲಿಲ್ಲ. ಬಂಕೆಂದರೆ ಬಂಕು.

ಇಂಥ ವಿಷಯ ನೋಡುವ ಸರಕಾರದ ಅಧಿಕಾರಿಯೊಬ್ಬರ ಬೆನ್ನು ಬಿದ್ದು ಅವಳು ಅವರನ್ನು ಆ ಬಂಕಿಗೆ ಕರೆದೊಯ್ದಳು. ಬಂಕಿನ ಮಾಲೀಕ ಸಭ್ಯಸ್ಥ. ಕುರ್ಚಿ ಹಾಕಿಸಿ, “ನಮ್ಮಲ್ಲಿ ಹಾಗೆಲ್ಲ ಆಗಲ್ಲ” ಎಂದ. ನೆಲದಡಿಯ ಟ್ಯಾಂಕಿಗೆ ಅಳತೆಗೋಲು ಇಳಿಸುವ ಮೊದಲು ಅಧಿಕಾರಿ ಅದರ ತುದಿಗೆ ಒಂದು ಲೇಪ ಸವರಿದರು. ನೀರು ತಾಗಿದರೆ ಆ ಲೇಪದ ಬಣ್ಣ ತಿರುಗುತ್ತದೆ. ಕೋಲು ಮೇಲೆ ಬಂದಾಗ ತುದಿ ಕೆಂಪಾಗಿತ್ತು. ಟ್ಯಾಂಕಿನ ಬಾಯಿಯ ಮುಚ್ಚಳ ಒಂದು ಕಡೆ ಬಿರುಕು ಬಿಟ್ಟಿತ್ತು. ಮಳೆಯಲ್ಲಿ ರಸ್ತೆಯ ನೀರು ಅಂಗಳಕ್ಕೆ ನುಗ್ಗಿದಾಗಲೆಲ್ಲ ಒಳಕ್ಕೆ ಜಿನುಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಬೇಕೆಂದು ನೋಡಲೂ ಇಲ್ಲ. ಮಾಲೀಕನ ಮುಖ ಇಂಗುತಿಂದ ಹಾಗಾಯಿತು. ಅವನನ್ನು ನೋಡುತ್ತಾ ನಿಂತ ಅವಳಿಗೆ ಗೆದ್ದ ಭಾವನೆಯೇನೂ ಬರಲಿಲ್ಲ. ಅವನೇ ಹಾಕಿಸಿದ ಕುರ್ಚಿಯ ಮೇಲೆ ಕೂತಳು.

ಅಣ್ಣನ ಮನೆಗೆ ಆ ಸಂಜೆಯೇ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದವನು ಅಣ್ಣನೇ. ಲಾರಿಯಿಂದ ಆಗಷ್ಟೇ ಬಂದವನಂತೆ ಕೈಕಾಲು ತೊಳೆದು ಟವೆಲು ಹೆಗಲಿಗೆ ಹಾಕಿಕೊಂಡಿದ್ದ.

“ಬನ್ನಿ” ಎಂದ. “ಕೂತ್ಕೊಳ್ಳಿ.”

ಹುಟ್ಟಿದಾಗಿನಿಂದ ನೀನು, ಲೇ, ಗುಬ್ಬಿ ಎಂದವನ ಬಾಯಲ್ಲಿ ಆ ಬಹುವಚನ ಕೇಳಿ ಅವಳಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಅವನು ವ್ಯಂಗ್ಯವಾಗಿ ಅಂದಿರಲಿಲ್ಲ. ಕಂಪನಿಯಿಂದ ಬಂದವರಿಗೆ ಹೇಗೆ ಹೇಳಬೇಕೋ ಹಾಗೆ ಹೇಳಿದ್ದ. ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯಿತು. ನಿಂತೇ, ಹಾಲಿನ ವ್ಯಾನು, ಜನರೇಟರು, ಬಂಕಿನ ಟ್ಯಾಂಕು, ಕೆಂಪಾದ ಕೋಲು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. “ನೀನು ಹೇಳಿದ್ದೇ ನಿಜ, ಅಣ್ಣ. ಬಂಕಿನ ಡೀಸೆಲ್ಲೇ ಕೆಟ್ಟಿತ್ತು.”

ಅವನು ಪೂರ್ತಿ ಕೇಳಿದ. ಟವೆಲಿನಿಂದ ಮುಖ ಒರೆಸಿಕೊಂಡ.

“ನಾನು ಹೇಳಿದ್ದು ನಿಜ ಅಂತ ನನಗೆ ಗೊತ್ತಿತ್ತು” ಎಂದ. “ನಿಮಗೆ ಗೊತ್ತಾಗೋಕೆ ಹಾಲಿನವನು ಬರಬೇಕಾಯ್ತಾ?”

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. “ಏನ್ರೀ ಅದು, ಮಗುವಿಗೆ ನೀವು ತಾವು ಅಂತ...” ಎಂದರು. ಅವನು ಹಿತ್ತಿಲ ಕಡೆ ಹೋದ.

“ಅತ್ತಿಗೆ, ನಾನು...”

“ಗೊತ್ತು ತಾಯಿ. ಊಟ ಮಾಡ್ಕೊಂಡು ಹೋಗು.”

ಅವಳು ಊಟಕ್ಕೆ ಕೂರಲಿಲ್ಲ. ನೀರು ಕುಡಿದು ಹೊರಟಳು.

ಆಮೇಲಿನದು ಬೇಗ ಬೇಗ ನಡೆಯಿತು. ಅಧಿಕಾರಿಯ ಮಾತು ಮೀರಲಾಗದೆ, ಆ ಮಳೆಗಾಲದಲ್ಲಿ ಕೆಟ್ಟ ಗಾಡಿಗಳನ್ನೆಲ್ಲ ಬಂಕಿನವನೇ ಸರಿ ಮಾಡಿಸಿಕೊಟ್ಟ. ಅಣ್ಣನ ಬಸ್ಸಿಗೆ ಹೊಸ ಇಂಜೆಕ್ಟರು, ಹೊಸ ಪಂಪು ಬಂದವು. ಟ್ಯಾಂಕು ಇಳಿಸಿ ತೊಳೆದರು. ಕಂಪನಿಯ ಗ್ಯಾರೇಜಿನಲ್ಲಿ, ಕಂಪನಿಯದೇ ಸಾಮಾನು ಹಾಕಿ ಸರಿ ಮಾಡಿದ್ದರಿಂದ ಉಳಿದ ಅವಧಿಗೆ ವಾರಂಟಿಯೂ ಮುಂದುವರಿಯಿತು, ಕಾರ್ಖಾನೆಯ ಹೆಂಗಸರೂ ಮತ್ತೆ ಆ ಬಸ್ಸಿಗೆ ಬಂದರು. ಲಂಬು ಖುದ್ದಾಗಿ ಹೋಗಿ ಅಣ್ಣನ ಕೈ ಕುಲುಕಿ, ತಪ್ಪಾಯಿತು ಎಂದು ಹೇಳಿ ಬಂದನಂತೆ. ಅಣ್ಣ ಅವನಿಗೆ, “ನಿಮ್ಮದೇನು ತಪ್ಪು ಸಾರ್? ಹೇಳಿದ ಕಡೆ ನೋಡಿದ್ರಿ” ಎಂದನಂತೆ. ಲಂಬು ಇದನ್ನು ಒಳ್ಳೆಯ ಸುದ್ದಿಯೆಂದುಕೊಂಡು ಅವಳಿಗೆ ತಿಳಿಸಿದ.

ಕೆಲಸದಲ್ಲಿ ಅವಳು ಬದಲಾದಳೆಂದು ಹೇಳಿದರೆ ಅಷ್ಟೇನೂ ಸರಿಯಲ್ಲ. ಸುಳ್ಳು ಹೇಳುವವರು ಹೇಳುತ್ತಲೇ ಇದ್ದರು, ಅವಳು ಆಗಲ್ಲ ಎನ್ನುತ್ತಲೇ ಇದ್ದಳು. ಯಾವ ಬಂಕು, ಯಾವ ದಿನ, ಮಳೆ ಬಂದಿತ್ತೇ ಎಂದು ಮೊದಲಿಗಿಂತ ಹೆಚ್ಚು ಹೊತ್ತು ಕೇಳುತ್ತಿದ್ದಳು. ‘ಎಲ್ಲರೂ ಹೀಗೇ ಹೇಳ್ತಾರೆ’ ಎಂಬ ಮಾತು ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ. ಹಾಗಂತ ಗ್ಯಾರೇಜಿನವರಿಗೆ ಅವಳು ಬೇಕಾದವಳೇನೂ ಆಗಲಿಲ್ಲ. ಇಷ್ಟು ಕೇಳುತ್ತಾಳಲ್ಲ, ಇನ್ನೇನು ಹಿಡಿದುಹಾಕಲಿಕ್ಕೋ ಎಂದು ಅವರಿಗೆ ಇನ್ನಷ್ಟು ಅಂಜಿಕೆಯಾಯಿತು.

ಎಷ್ಟೋ ತಿಂಗಳ ಮೇಲೆ, ಒಂದು ಬಿಡುವಿನ ಮಧ್ಯಾಹ್ನ, ಅವಳ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಬಾಗಿಲು ಬಡಿಯುವವರು ಯಾರೂ ಇಲ್ಲವಾದ್ದರಿಂದ ಕೆಳಗಿನ ಅಂಗಡಿಯವನಿರಬೇಕೆಂದು ತೆರೆದಳು. ಅತ್ತಿಗೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

“ಏನು ಎತ್ತರದಲ್ಲಿ ಇಟ್ಟಿದಾರೆ ನಿನ್ನ! ಒಂದು ಲೋಟ ನೀರು ಕೊಡು.”

ಅವಳು ನೀರು ಕೊಟ್ಟಳು. ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಮಂಚಕ್ಕೆ ಹಾಕಿದಳು. ಅತ್ತಿಗೆ ಕೂರಲಿಲ್ಲ. ಕೋಣೆಯನ್ನು ಒಂದು ಸುತ್ತು ನೋಡಿದರು. ಒಲೆಯ ಪಕ್ಕದ ಚಿಕ್ಕ ಪಾತ್ರೆ, ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿದ್ದ ಎರಡು ಕುರ್ತಾ, ಯಾವಾಗಲೂ ಅರ್ಧ ತುಂಬಿಯೇ ಇರುವ ಪ್ರಯಾಣದ ಚೀಲ. ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರು.

“ಇದು ಯಾವತ್ತಿಂದು?”

“ನಿನ್ನೇದು.”

“ಸುಳ್ಳು” ಎಂದರು ಅತ್ತಿಗೆ. “ಮೊನ್ನೇದು.”

ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಅವಳಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅತ್ತಿಗೆ ಕಂಡರೂ ಕಾಣದವರ ಹಾಗೆ ಪಾತ್ರೆ ತೊಳೆಯಲು ನಿಂತರು.

“ನಿಮ್ಮೊಬ್ಬರನ್ನೇ ಇಷ್ಟು ದೂರ ಯಾರು ಕಳಿಸಿದ್ರು ಅತ್ತಿಗೆ?”

“ಒಬ್ಬಳೇ ಎಲ್ಲಿ ಬಂದೆ? ಕಾರ್ಖಾನೆ ಹೆಂಗಸರ ಯಾರದೋ ಮದುವೆಗೆ ಬಸ್ಸು ಬಂದಿದೆ ಈ ಕಡೆ. ಅವರನ್ನ ಛತ್ರದಲ್ಲಿ ಇಳಿಸಿದ್ಮೇಲೆ ಸಂಜೆವರೆಗೂ ಬಿಡುವು ಇತ್ತು. ಕೆಳಗಿದೆ ನೋಡು.”

ಅವಳು ಕಿಟಕಿಗೆ ಹೋಗಿ ಬಗ್ಗಿದಳು. ಟೈರ್ ಅಂಗಡಿಯ ಎದುರು, ರಸ್ತೆಯಾಚೆ ಬಸ್ಸು ನಿಂತಿತ್ತು. ಅಣ್ಣ ಡ್ರೈವರ್ ಸೀಟಿನಲ್ಲಿ ಕೂತು ಎದುರಿನ ಗೋಡೆಯ ಕಡೆ ನೋಡುತ್ತಿದ್ದ.

“ಮೇಲೆ ಬರೋಲ್ವಾ?”

“ಗಾಡಿ ಬಿಟ್ಟು ಬರೋಕಾಗಲ್ಲ ಅಂದ್ರು.” ಅತ್ತಿಗೆ ಕೈ ಒರೆಸಿಕೊಂಡರು. “ಈ ಬೀದಿಗೆ ತಂದು ನಿಲ್ಲಿಸಿದ್ದು ಅವರೇ. ನಾನೇನೂ ಹೇಳಿರಲಿಲ್ಲ. ಅಷ್ಟೇ ನನಗೆ ಗೊತ್ತಿರೋದು.”

ಅತ್ತಿಗೆ ಅನ್ನಕ್ಕಿಟ್ಟರು. ಊಟವಾಗುವವರೆಗೂ ಅದೂ ಇದೂ ಮಾತಾಡಿದರು. ಅಣ್ಣನಿಗೆ ಬುತ್ತಿ ಕಟ್ಟಿಕೊಂಡಾಗ ಕೆಳಗಿನಿಂದ ಹಾರ್ನ್ ಕೇಳಿಸಿತು, ಒಂದೇ ಸಲ, ಚುಟುಕಾಗಿ. ಅವಳು ಅತ್ತಿಗೆಯ ಜೊತೆ ಇಳಿದು ಹೋದಳು.

ಬಸ್ಸಿನ ಇಂಜಿನ್ನು ಆಗಲೇ ಓಡುತ್ತಿತ್ತು. ಅವಳು ಡ್ರೈವರ್ ಬಾಗಿಲ ಹತ್ತಿರ ನಿಂತಳು. ಅಣ್ಣ ಕನ್ನಡಿ ಸರಿಪಡಿಸುತ್ತಾ, ಅವಳ ಕಡೆ ನೋಡದೆ ಕೇಳಿದ: “ಡೀಸೆಲ್ ಫಿಲ್ಟರು ಪುಸ್ತಕದಲ್ಲಿ ಬರೆದಿರೋ ಅಷ್ಟು ಓಡಿದ ಮೇಲೆ ಬದಲಾಯಿಸಿದ್ರೆ ಸಾಕಾ, ಮೊದಲೇ ಬದಲಾಯಿಸೋದು ವಾಸಿನಾ?”

ಬಸ್ಸುಗಳ ನಡುವೆ ಬದುಕು ಸವೆಸಿದ ಅವನಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಅವಳಿಗೂ ಅದು ತಿಳಿದಿತ್ತು.

“ಮಳೆಗಾಲದಲ್ಲಿ ಮೊದಲೇ ಬದಲಾಯಿಸೋದು ಒಳ್ಳೇದು” ಎಂದಳು. “ಫಿಲ್ಟರ್ ಕೆಳಗಿನ ನೀರು ವಾರಕ್ಕೊಂದು ಸಲ ಇಳಿಸಿಬಿಡಬೇಕು.”

“ಇಳಿಸ್ತಿದೀನಿ” ಎಂದ. ಇನ್ನೇನೋ ಹೇಳುವವನಂತೆ ತಡೆದ. ಹಿಂದಿನಿಂದ ಲಾರಿಯೊಂದು ದಾರಿಗಾಗಿ ಅರಚಿಕೊಂಡಿತು. ಅವನು ಗೇರು ಹಾಕಿದ. ಅತ್ತಿಗೆ ಕಿಟಕಿಯಿಂದ ಕೈಚಾಚಿ ಅವಳ ಭುಜ ಮುಟ್ಟುವುದರೊಳಗೆ ಬಸ್ಸು ಮುಂದೆ ಸರಿದಿತ್ತು.

ಅವಳು ಅಲ್ಲೇ ನಿಂತು ನೋಡಿದಳು. ಬಸ್ಸು ಬೀದಿಯ ಕೊನೆಯಲ್ಲಿ ತಿರುಗಿತು. ಇಂಜಿನ್ನಿನ ಸದ್ದಿನಲ್ಲಿ ತಪ್ಪೇನೂ ಇರಲಿಲ್ಲ. ಟೈರ್ ಅಂಗಡಿಯವನು ಕೆಲಸ ನಿಲ್ಲಿಸಿ, “ನೆಂಟರಾ ಮೇಡಂ?” ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು. “ನಮ್ಮಣ್ಣ, ಅತ್ತಿಗೆ” ಎಂದಳು. ಅವನು ತಲೆಯಾಡಿಸಿ ಗಾಳಿಯ ಯಂತ್ರ ಚಾಲು ಮಾಡಿದ. ಮರುದಿನ ಬೆಳಗ್ಗೆ ಅವಳು ದೂರದ ಊರಿಗೆ ಹೊರಡಬೇಕಿತ್ತು. ಕಲ್ಲುಗಣಿಯ ಯಂತ್ರವೊಂದು ಕೆಟ್ಟು ನಿಂತಿತ್ತು. ಚೀಲಕ್ಕೆ ಬಾಟಲಿಗಳನ್ನು ತುಂಬಿಕೊಳ್ಳಲು ಮೆಟ್ಟಿಲು ಹತ್ತಿದಳು.